ಉಪ್ಪು ಕರಗುವುದೂ ಮೇಣ ಕರಗುವುದೂ

ನಮ್ಮ ಭಾಷೆಯಲ್ಲಿ ಒಲೆಯ ಬಳಿ ಇಟ್ಟ ಬೆಣ್ಣೆ ಕರಗುತ್ತದೆ. ಸಾರಿಗೆ ಹಾಕಿದ ಉಪ್ಪೂ ಕರಗುತ್ತದೆ. ಅಕ್ಕಸಾಲಿಗನ ಮೂಸೆಯಲ್ಲಿ ಚಿನ್ನ ಕರಗುತ್ತದೆ. ಉಂಡ ಅನ್ನ ಕರಗುತ್ತದೆ, ಪಿತ್ರಾರ್ಜಿತವಾದ ಆಸ್ತಿ ಕರಗುತ್ತದೆ, ಕಲ್ಲಿನಂಥ ಮನಸ್ಸೂ ಒಮ್ಮೊಮ್ಮೆ ಕರಗುತ್ತದೆ. ಒಂದೇ ಧಾತು ಇಷ್ಟು ಭಾರವನ್ನು ಹೊತ್ತುಕೊಂಡಿರುವುದು ಕಾವ್ಯಕ್ಕೆ ಸೊಗಸೇ ಹೌದು. ಆದರೆ ಅಯಾನಿಕ ಸಂಯುಕ್ತಗಳು ಮತ್ತು ಸಹವೇಲೆನ್ಸೀಯ ಸಂಯುಕ್ತಗಳು ಎಂಬ ಪಾಠಕ್ಕೆ ಬಂದಾಗ ಈ ಸೊಗಸೇ ತೊಡಕಾಗಿ ನಿಲ್ಲುತ್ತದೆ. ಆ ಪಾಠದ ಜೀವವೆಲ್ಲ ಎರಡು ಬಗೆಯ ಕರಗುವಿಕೆಗಳ ವ್ಯತ್ಯಾಸದಲ್ಲಿದೆ.

ತೊಡಕು ಎಂಥದೆಂಬುದನ್ನು ನೋಡಿ. ಕೈಪಿಡಿಗಳಲ್ಲಿ ಎರಡು ಅಂಕಣಗಳ ಒಂದು ಪಟ್ಟಿ ಇರುತ್ತದೆ. ಅಯಾನಿಕ ಸಂಯುಕ್ತಗಳು ಹೆಚ್ಚಿನ ಉಷ್ಣತೆಯಲ್ಲಿ ಮಾತ್ರ ಕರಗುತ್ತವೆ, ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಸಹವೇಲೆನ್ಸೀಯ ಸಂಯುಕ್ತಗಳು ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಇದನ್ನು ಬಾಯಿಪಾಠ ಮಾಡಿದ ಹುಡುಗನ ಮನಸ್ಸಿನಲ್ಲಿ ಉಪ್ಪು ಕರಗಲು ಕಷ್ಟವಾದದ್ದೂ ಹೌದು, ಸುಲಭವಾದದ್ದೂ ಹೌದು. ಮೇಣ ಕರಗುವಂಥದೂ ಹೌದು, ಕರಗದಂಥದೂ ಹೌದು. ಪರೀಕ್ಷೆಯಲ್ಲಿ ಅವನು ಎರಡನ್ನು ಅದಲುಬದಲು ಮಾಡಿ ಬರೆದರೆ ತಪ್ಪನ್ನು ಅವನ ಬುದ್ಧಿಯ ಮೇಲೆ ಹೊರಿಸುವಂತಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಬಾರದೆನ್ನುವವರು ಬೆರಳಿಟ್ಟು ತೋರಿಸುವುದೂ ಇಂಥ ಎಡೆಗಳನ್ನೇ ಆದ್ದರಿಂದ, ಇದನ್ನು ಹಾಗೆಯೇ ಬಿಡುವುದು ತರವಲ್ಲ.

ಗಡಿನಾಡಿನ ಉಪಾಧ್ಯಾಯರಾದ ನಮಗೆ ಇದು ಬೇಗ ಕಾಣಬೇಕು. ದಿನವೂ ಎರಡು ಭಾಷೆಗಳು ನಮ್ಮ ಕಿವಿಗೆ ಬೀಳುತ್ತವಷ್ಟೆ. ಸೊಲ್ಲಾಪುರ, ಅಕ್ಕಲಕೋಟೆಗಳ ಸುತ್ತಿನ ಮರಾಠಿ ಶಾಲೆಯ ಪುಸ್ತಕದಲ್ಲಿ ಸಕ್ಕರೆ ನೀರಿನಲ್ಲಿ ಕರಗುವುದು ‘ವಿರಘಳಣೆ’, ಬರ್ಫ ಕರಗುವುದು ‘ವಿತಳಣೆ’. ಕಾಸರಗೋಡು, ವಯನಾಡುಗಳ ಮಲಯಾಳದಲ್ಲಿ ಮೊದಲನೆಯದಕ್ಕೆ ‘ಅಲಿಯುಕ’ ಅಥವಾ ‘ಲಯಿಕ್ಕುಕ’, ಎರಡನೆಯದಕ್ಕೆ ‘ಉರುಕುಕ’. ಹೊಸೂರು, ತಾಳವಾಡಿಗಳ ಕಡೆಯ ತಮಿಳಿನಲ್ಲಿಯೂ ‘ಕರೈದಲ್’ ಬೇರೆ, ‘ಉರುಗುದಲ್’ ಬೇರೆ. ಆದೋನಿ, ಮಡಕಶಿರಗಳ ತೆಲುಗು ಮಾತ್ರ ನಮ್ಮ ಜೊತೆಗೆ ನಿಂತು ಎರಡಕ್ಕೂ ‘ಕರುಗು’ ಎನ್ನುತ್ತದೆ. ಹಾಗೆಂದು ಕನ್ನಡಕ್ಕೆ ಸಾಮರ್ಥ್ಯವಿಲ್ಲವೆಂದಲ್ಲ. ‘ದ್ರವಿಸು’ ಎಂಬುದೊಂದಿದೆ, ‘ಲೀನವಾಗು’ ಎಂಬುದೊಂದಿದೆ. ಸಂಸ್ಕೃತದ ಪದ ಬೇಡವೆನ್ನುವವರಿಗೆ ‘ಕಾಸಿ ಕರಗಿಸುವುದು’, ‘ನೀರಿನಲ್ಲಿ ಕರಗಿಸುವುದು’ ಎಂಬ ಮನೆಮಾತುಗಳೇ ಸಾಕು. ಈ ಲೇಖನದಲ್ಲಿ ಬಿಸಿಗೆ ಕರಗುವುದನ್ನು ದ್ರವಿಸುವುದೆಂದೂ, ಇನ್ನೊಂದು ದ್ರವದೊಳಗೆ ಕರಗುವುದನ್ನು ಲೀನವಾಗುವುದೆಂದೂ ಕರೆಯುತ್ತೇವೆ.

ಈ ಭೇದ ಬರಿಯ ಶಬ್ದಚರ್ಚೆಯಲ್ಲವೆಂಬುದಕ್ಕೆ ಇಂಗ್ಲೆಂಡಿನ ಹಂಫ್ರಿ ಡೇವಿ 1807ರಲ್ಲಿ ಮಾಡಿದ ಪ್ರಯೋಗವೇ ಸಾಕ್ಷಿ. ಪೊಟ್ಯಾಷಿನೊಳಗೆ ಯಾವುದೋ ಹೊಸ ಲೋಹ ಅಡಗಿರಬೇಕೆಂದು ಊಹಿಸಿ ಅವನು ಮೊದಲು ಅದನ್ನು ನೀರಿನಲ್ಲಿ ಲೀನಗೊಳಿಸಿ ವಿದ್ಯುತ್ತನ್ನು ಹರಿಸಿದ. ದೊರೆತದ್ದು ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳು. ಒಡೆದದ್ದು ನೀರೇ ಹೊರತು ಪೊಟ್ಯಾಷಲ್ಲ. ಒಣ ಪೊಟ್ಯಾಷಿನ ಮೂಲಕ ಹರಿಸಲು ನೋಡಿದರೆ ವಿದ್ಯುತ್ತು ಹರಿಯಲೇ ಇಲ್ಲ. ಕೊನೆಗೆ ಗಾಳಿಯ ತೇವವನ್ನು ಅದಕ್ಕೆ ಒಂದಿಷ್ಟು ಹೀರಿಸಿ ಪ್ರವಾಹವನ್ನು ಬಿಟ್ಟಾಗ ಪೊಟ್ಯಾಷು ತಾನೇ ದ್ರವಿಸತೊಡಗಿತು. ಪಾದರಸದಂತೆ ಹೊಳೆಯುವ ಸಣ್ಣ ಗುಂಡುಗಳು ಕಾಣಿಸಿಕೊಂಡವು, ಕೆಲವು ಹೊತ್ತಿ ಉರಿದವು. ಅದು ಪೊಟ್ಯಾಸಿಯಂ. ಕೆಲವೇ ದಿನಗಳಲ್ಲಿ ಸೋಡಿಯಮ್ಮೂ ಹೀಗೆಯೇ ಹೊರಬಂತು. ಇಂದಿಗೂ ಕಾರ್ಖಾನೆಗಳಲ್ಲಿ ಸೋಡಿಯಂ ಲೋಹವನ್ನು ಪಡೆಯುವುದು ದ್ರವಿಸಿದ ಉಪ್ಪಿನಿಂದಲೇ ಹೊರತು ಉಪ್ಪುನೀರಿನಿಂದಲ್ಲ. ಕಾವಿನ ಖರ್ಚನ್ನು ಇಳಿಸಲು ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆ ಕೆಲಸವನ್ನು ನಡೆಸುತ್ತಾರೆ.

ಇನ್ನು ಉಪ್ಪಿನ ಹರಳಿನೊಳಗೆ ಏನಿದೆ ಎಂಬುದನ್ನು ನೋಡೋಣ. ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು, ಕ್ಲೋರಿನ್ನಿನದರಲ್ಲಿ 17. ಸೋಡಿಯಂ ಒಂದನ್ನು ಕಳೆದುಕೊಂಡು ಧನಾವೇಶದ ಅಯಾನು ಆಗುತ್ತದೆ, ಕ್ಲೋರಿನ್ ಅದನ್ನು ಪಡೆದು ಋಣಾವೇಶದ ಅಯಾನು ಆಗುತ್ತದೆ. ಇದನ್ನು ನಾವು ಮಕ್ಕಳಿಗೆ ದಾನಿಯ ಕಥೆಯಂತೆ ಹೇಳುವುದುಂಟು: ಸೋಡಿಯಂ ಸಂತೋಷದಿಂದ ಕೊಟ್ಟಿತು, ಕ್ಲೋರಿನ್ ಸಂತೋಷದಿಂದ ತೆಗೆದುಕೊಂಡಿತು ಎಂದು. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನನ್ನು ಕೀಳಲು 496 ಕಿಲೋಜೂಲ್ ಶಕ್ತಿ ಬೇಕು. ಅಷ್ಟೇ ಕ್ಲೋರಿನ್ ಪರಮಾಣುಗಳು ಅದನ್ನು ಸ್ವೀಕರಿಸಿದಾಗ ಹಿಂದಿರುಗುವುದು 349 ಮಾತ್ರ. ಇಷ್ಟರಲ್ಲೇ ವ್ಯಾಪಾರ ನಿಂತರೆ ನಷ್ಟವೇ. ಲಾಭ ಬರುವುದು ಅನಂತರ. ಬೇರೆಬೇರೆಯಾಗಿದ್ದ ಅಯಾನುಗಳು ಒತ್ತಾಗಿ ಸಾಲುಗಟ್ಟಿ ಹರಳಾಗುವಾಗ 787 ಕಿಲೋಜೂಲ್ ಹೊರಬೀಳುತ್ತದೆ. ಉಪ್ಪನ್ನು ಉಪ್ಪಾಗಿಸಿದ್ದು ಎರಡು ಪರಮಾಣುಗಳ ಖಾಸಗಿ ಒಪ್ಪಂದವಲ್ಲ. ಅಸಂಖ್ಯಾತ ಅಯಾನುಗಳ ಕಟ್ಟಡ.

ಈ ಕಟ್ಟಡವನ್ನು 1913ರಲ್ಲಿ ಕ್ಷಕಿರಣಗಳ ಸಹಾಯದಿಂದ ಕಂಡು ತೋರಿಸಿದವರು ಬ್ರಾಗ್ ತಂದೆ–ಮಕ್ಕಳು. ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು. ಪ್ರತಿಯೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಮ್ಮುಗಳು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ. ಈ ಸೋಡಿಯಂ ಆ ಕ್ಲೋರೈಡಿನ ಜೋಡಿ ಎಂದು ಬೊಟ್ಟುಮಾಡಿ ತೋರಿಸುವಂತಿಲ್ಲ. ಎಂದಮೇಲೆ ‘ಉಪ್ಪಿನ ಅಣು’ ಎಂಬುದೇ ಇಲ್ಲ. ಸೂತ್ರದಲ್ಲಿ ನಾವು ಬರೆಯುವುದು ಒಂದಕ್ಕೊಂದು ಎಂಬ ಪ್ರಮಾಣವನ್ನು ಮಾತ್ರ. ಈ ಮಾತು ಆಗಿನ ದೊಡ್ಡವರಿಗೂ ಸುಲಭವಾಗಿ ಒಗ್ಗಲಿಲ್ಲ. ಇಂಗ್ಲೆಂಡಿನ ಹಿರಿಯ ರಸಾಯನಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿಯೂ ‘ನೇಚರ್’ ಪತ್ರಿಕೆಗೆ ಬರೆದು, ಉಪ್ಪನ್ನು ಚದುರಂಗದ ಮಣೆಯಂತೆ ಚಿತ್ರಿಸುವುದನ್ನು ಹಾಸ್ಯಮಾಡಿದ. ಅಂಥವನೇ ಒಪ್ಪಲು ಹಿಂದೆಗೆದ ಸಂಗತಿ ನಮ್ಮ ಮಕ್ಕಳಿಗೆ ಒಂದೇ ದಿನದಲ್ಲಿ ಹಿಡಿಸದಿದ್ದರೆ ಆಶ್ಚರ್ಯವಿಲ್ಲ. ಒಂದು ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲಿನಷ್ಟು ಅಂಚುಳ್ಳ ಪುಟ್ಟ ಉಪ್ಪಿನ ಕಣದಲ್ಲಿ ಎಷ್ಟು ಜೊತೆ ಅಯಾನುಗಳಿರುತ್ತವೆಂದು ಲೆಕ್ಕಹಾಕಿದರೆ ಆರರ ಮುಂದೆ ಹದಿನೇಳು ಸೊನ್ನೆಗಳು ಬರುತ್ತವೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ತರಗತಿ ಒಂದು ಕ್ಷಣ ನಿಶ್ಶಬ್ದವಾಗುತ್ತದೆ.

ಸಕ್ಕರೆಯ ಸಂಸಾರ ಬೇರೆ. ಇಲ್ಲಿ ಅಣು ಎಂಬುದು ನಿಜವಾಗಿ ಉಂಟು. ಇಂಗಾಲದ 12, ಹೈಡ್ರೋಜನ್ನಿನ 22, ಆಕ್ಸಿಜನ್ನಿನ 11, ಒಟ್ಟು 45 ಪರಮಾಣುಗಳು ಎಲೆಕ್ಟ್ರಾನುಗಳನ್ನು ಜೋಡಿಜೋಡಿಯಾಗಿ ಹಂಚಿಕೊಂಡು ಒಂದು ಕುಟುಂಬವಾಗಿವೆ. ಹೀಗೆ ಹಂಚಿಕೊಳ್ಳುವ ಕಲ್ಪನೆಯನ್ನು ಅಮೆರಿಕದ ಜಿ. ಎನ್. ಲೂಯಿಸ್ 1916ರಲ್ಲಿ ಮುಂದಿಟ್ಟ. ಅದೇ ವರ್ಷ ಜರ್ಮನಿಯ ಕೋಸೆಲ್ ಎಲೆಕ್ಟ್ರಾನು ಕೈಬದಲಾಗಿ ಅಯಾನುಗಳಾಗುವ ಬಗೆಯನ್ನು ವಿವರಿಸಿದ. ಕೊಡುಕೊಳುವ ಬಂಧ ಒಂದು, ಕೂಡಿ ಬಾಳುವ ಬಂಧ ಇನ್ನೊಂದು. ಎರಡನೆಯದಕ್ಕೆ 1919ರಲ್ಲಿ ಲ್ಯಾಂಗ್‌ಮೂರ್ ಇಟ್ಟ ಹೆಸರೇ ನಮ್ಮಲ್ಲಿ ಸಹವೇಲೆನ್ಸೀಯ, ಮರಾಠಿಯಲ್ಲಿ ಸಹಸಂಯುಜ, ಮಲಯಾಳದಲ್ಲಿ ಸಹಸಂಯೋಜಕ, ತೆಲುಗಿನಲ್ಲಿ ಸಮಯೋಜನೀಯ, ತಮಿಳಿನಲ್ಲಿ ಸಹಪ್ಪಿಣೈಪ್ಪು ಆಗಿದೆ. ನಮ್ಮದು ಅರ್ಧ ಸಂಸ್ಕೃತ, ಅರ್ಧ ಇಂಗ್ಲಿಷ್. ಇವುಗಳಲ್ಲಿ ಚೆಲುವಾದದ್ದೆಂದು ನಾವೇನೂ ವಾದಿಸುವುದಿಲ್ಲ.

ಈಗ ಪಟ್ಟಿಯ ಗುಣಗಳಿಗೆ ಬರೋಣ. ಉಪ್ಪು ದ್ರವಿಸುವುದು 801 ಡಿಗ್ರಿಯಲ್ಲಿ. ನುಸಿಗುಳಿಗೆಯ ನ್ಯಾಫ್ತಲೀನ್ 80 ಡಿಗ್ರಿಯಲ್ಲೇ ದ್ರವಿಸುತ್ತದೆ. ಮೇಣದಬತ್ತಿಯ ಮೇಣಕ್ಕೆ ಅದಕ್ಕಿಂತ ಕಡಿಮೆ ಸಾಕು. ಇಲ್ಲಿ ಅನೇಕ ಪುಸ್ತಕಗಳು ಕೊಡುವ ಕಾರಣ, ‘ಸಹವೇಲೆನ್ಸೀಯ ಬಂಧ ದುರ್ಬಲ’ ಎಂಬುದು. ಇದು ತಪ್ಪು, ಇದನ್ನು ಎಷ್ಟು ಬೇಗ ಬಿಡುತ್ತೇವೋ ಅಷ್ಟು ಒಳ್ಳೆಯದು. ಮೇಣ ದ್ರವಿಸುವಾಗ ಅದರೊಳಗಿನ ಒಂದೇ ಒಂದು ಸಹವೇಲೆನ್ಸೀಯ ಬಂಧವೂ ಮುರಿಯುವುದಿಲ್ಲ. ಮುರಿದಿದ್ದರೆ ಆರಿದ ಮೇಲೆ ಮತ್ತೆ ಅದೇ ಮೇಣ ದೊರೆಯುತ್ತಿತ್ತೆ? ಒಂದು ಅಣು ಪಕ್ಕದ ಅಣುವನ್ನು ಹಿಡಿದುಕೊಂಡಿದ್ದ ಹಗುರವಾದ ಹಿಡಿತ ಸಡಿಲಿತು, ಅಷ್ಟೆ. ಬಂಧ ನಿಜವಾಗಿ ಮುರಿಯುವುದನ್ನು ನೋಡಬೇಕಾದರೆ ಸಕ್ಕರೆಯನ್ನು ಕಾಸಬೇಕು. ಸುಮಾರು 186 ಡಿಗ್ರಿಯ ಆಸುಪಾಸಿನಲ್ಲಿ ಅದು ದ್ರವಿಸುತ್ತಿರುವಂತೆಯೇ ಕಂದುಬಣ್ಣಕ್ಕೆ ತಿರುಗಿ, ಸುಟ್ಟವಾಸನೆ ಬಂದು, ಕೊನೆಗೆ ಇದ್ದಿಲಾಗುತ್ತದೆ. ಅದನ್ನು ಆರಿಸಿದರೆ ಸಕ್ಕರೆ ಮರಳುವುದಿಲ್ಲ.

ಬಂಧ ದುರ್ಬಲವಲ್ಲವೆಂಬುದಕ್ಕೆ ಬೆಣಚುಕಲ್ಲು ಇನ್ನೂ ದೊಡ್ಡ ಸಾಕ್ಷಿ. ಅದು ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿದ ಸಹವೇಲೆನ್ಸೀಯ ವಸ್ತು. ಆದರೆ ಅದರಲ್ಲಿಯೂ ಬಿಡಿ ಅಣುಗಳಿಲ್ಲ, ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹೆಣಿಗೆ. ಅದನ್ನು ದ್ರವಿಸಲು 1,700 ಡಿಗ್ರಿಯ ಸುತ್ತಿನ ಕಾವು ಬೇಕು. ಉಪ್ಪಿನ ಎರಡರಷ್ಟಕ್ಕೂ ಹೆಚ್ಚು. ಆದುದರಿಂದ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ ‘ಇದು ಯಾವ ಜಾತಿಯ ಬಂಧ?’ ಎಂಬುದಲ್ಲ, ‘ಇದು ದ್ರವಿಸುವಾಗ ಯಾವುದು ಯಾವುದರಿಂದ ಬೇರೆಯಾಗಬೇಕು?’ ಎಂಬುದು. ಉಪ್ಪಿನಲ್ಲಿ ಅಯಾನಿನಿಂದ ಅಯಾನು ಬೇರೆಯಾಗಬೇಕು, ಮೇಣದಲ್ಲಿ ಅಣುವಿನಿಂದ ಅಣು, ಬೆಣಚಿನಲ್ಲಿ ಪರಮಾಣುವಿನಿಂದ ಪರಮಾಣು. ವಾಸನೆಯ ಸಂಗತಿಯೂ ಇದರಲ್ಲೇ ಅಡಗಿದೆ. ಕರ್ಪೂರದ ಅಣುಗಳು ತಾವಾಗಿ ಎದ್ದು ಗಾಳಿಗೆ ಸೇರುತ್ತವೆ, ನಮ್ಮ ಮೂಗನ್ನು ಮುಟ್ಟುತ್ತವೆ. ಉಪ್ಪಿನ ಭರಣಿಯನ್ನು ಎಷ್ಟು ಮೂಸಿದರೂ ಉಪ್ಪು ಮೂಗಿಗೆ ಬಾರದು.

ಉಪ್ಪನ್ನು ಬೆಂಕಿಗೆ ಹಾಕಿದರೆ ಚಟಪಟ ಸಿಡಿಯುತ್ತದಲ್ಲ, ಅದೇನು ಎಂದು ಮಕ್ಕಳು ಕೇಳುವರು. ಮನೆಗಳಲ್ಲಿ ದೃಷ್ಟಿ ತೆಗೆದು ಉಪ್ಪನ್ನು ಒಲೆಗೆ ಹಾಕುವಾಗ ಅವರು ಅದನ್ನು ನೋಡಿಯೇ ಇರುತ್ತಾರೆ. ಅದು ದ್ರವಿಸುವ ಸದ್ದಲ್ಲ. ಹರಳು ಬೆಳೆಯುವಾಗ ಅದರ ಸಣ್ಣ ಪೊಟರೆಗಳಲ್ಲಿ ಉಪ್ಪುನೀರು ಸಿಕ್ಕಿಕೊಂಡಿರುತ್ತದೆ. ಬಿಸಿಗೆ ಅದು ಆವಿಯಾಗಿ ಹರಳನ್ನು ಒಡೆದುಕೊಂಡು ಹೊರಡುತ್ತದೆ. ದೃಷ್ಟಿ ಎಷ್ಟು ದೊಡ್ಡದಿತ್ತೆಂಬ ಲೆಕ್ಕಕ್ಕೆ ನಾವು ಹೋಗುವುದಿಲ್ಲ.

ಅಯಾನುಗಳ ನಡುವಣ ಸೆಳೆತ ಎರಡು ಸಂಗತಿಗಳನ್ನು ಅವಲಂಬಿಸಿದೆ: ಆವೇಶ ಎಷ್ಟು, ದೂರ ಎಷ್ಟು. ಸೋಡಿಯಮ್ಮಿನ ಜೊತೆಗಾರ ದೊಡ್ಡದಾದಷ್ಟೂ ದೂರ ಹೆಚ್ಚಿ ಹಿಡಿತ ಸಡಿಲುತ್ತದೆ. ಸೋಡಿಯಂ ಫ್ಲೋರೈಡ್ 993 ಡಿಗ್ರಿಯಲ್ಲಿ, ಕ್ಲೋರೈಡ್ 801ರಲ್ಲಿ, ಬ್ರೋಮೈಡ್ 747ರಲ್ಲಿ, ಅಯೋಡೈಡ್ 661ರಲ್ಲಿ ದ್ರವಿಸುತ್ತವೆ. ಮೆಟ್ಟಿಲಿಳಿದ ಹಾಗೆ. ಆವೇಶದ ಪ್ರಭಾವ ಇದಕ್ಕಿಂತ ಬಲವಾದದ್ದು. ಮೆಗ್ನೀಸಿಯಂ ಆಕ್ಸೈಡಿನಲ್ಲಿ ಎರಡೂ ಕಡೆ ಆವೇಶ ಇಮ್ಮಡಿ. ಎರಡೆರಡಲೆ ನಾಲ್ಕು ಪಾಲು ಸೆಳೆತ. ಅದು 2,800 ಡಿಗ್ರಿಯನ್ನು ದಾಟಿದ ಮೇಲೆಯೇ ದ್ರವಿಸುವುದು. ಉಕ್ಕಿನ ಕುಲುಮೆಗಳ ಒಳಮೈಗೆ ಅದರ ಇಟ್ಟಿಗೆಗಳನ್ನು ಕಟ್ಟುವುದು ಈ ಕಾರಣದಿಂದಲೇ.

ಇಷ್ಟು ಬಿಗಿಯಾದ ಕಟ್ಟಡವನ್ನು 801 ಡಿಗ್ರಿಯ ಬೆಂಕಿ ಮಾಡುವ ಕೆಲಸವನ್ನು ಒಂದು ಲೋಟ ತಣ್ಣೀರು ಹೇಗೆ ಮಾಡುತ್ತದೆ? ಇದೇ ಪಾಠದ ಅತ್ಯಂತ ಸ್ವಾರಸ್ಯವಾದ ಪ್ರಶ್ನೆ. ‘ಕರಗು’ ಎಂಬ ಒಂದೇ ಮಾತು ಮುಚ್ಚಿಬಿಡುವುದೂ ಇದನ್ನೇ. ನೀರಿನ ಅಣುವಿಗೆ ಒಂದು ಕಡೆ ತುಸು ಋಣ, ಇನ್ನೊಂದು ಕಡೆ ತುಸು ಧನ ಎಂಬ ಎರಡು ಮುಖಗಳಿವೆ. ಸೋಡಿಯಂ ಅಯಾನಿಗೆ ಋಣಮುಖವನ್ನೂ ಕ್ಲೋರೈಡಿಗೆ ಧನಮುಖವನ್ನೂ ತಿರುಗಿಸಿ ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ನೀರಿನಲ್ಲಿ ಎರಡು ಆವೇಶಗಳ ನಡುವಣ ಸೆಳೆತ ಬಯಲಿನಲ್ಲಿದ್ದುದರ ಸುಮಾರು ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳೆಯ ಹಿಡಿತ ಸಡಿಲಿತು, ಹೊಸ ನಂಟು ದೊರೆಯಿತು. ಬೆಂಕಿಯ ಅಗತ್ಯ ಬೀಳಲಿಲ್ಲ. ಸೀಮೆಎಣ್ಣೆಯ ಅಣುವಿಗೆ ಇಂಥ ಎರಡು ಮುಖಗಳಿಲ್ಲದ್ದರಿಂದ ಉಪ್ಪು ಅದರ ತಳದಲ್ಲಿ ಹಾಗೆಯೇ ಕೂತಿರುತ್ತದೆ. ಮೇಣ ಮಾತ್ರ ಲೀನವಾಗುತ್ತದೆ.

ಹಾಗಾದರೆ ‘ಅಯಾನಿಕವಾದುದು ನೀರಿನಲ್ಲಿ ಲೀನವಾಗುತ್ತದೆ, ಸಹವೇಲೆನ್ಸೀಯವಾದುದು ಆಗುವುದಿಲ್ಲ’ ಎಂಬ ಸೂತ್ರ ನಿಲ್ಲುವುದೆ? ಅಡುಗೆಮನೆಯ ಬಾಗಿಲಲ್ಲೇ ಅದು ಎಡವುತ್ತದೆ. 20 ಡಿಗ್ರಿಯ 100 ಗ್ರಾಂ ನೀರು ಉಪ್ಪನ್ನು 36 ಗ್ರಾಮಿನಷ್ಟು ಹಿಡಿಸಿಕೊಂಡರೆ, ಸಕ್ಕರೆಯನ್ನು ಸುಮಾರು 200 ಗ್ರಾಂ ಹಿಡಿಸಿಕೊಳ್ಳುತ್ತದೆ. ಸಕ್ಕರೆಯ ಅಣುವಿನ ಮೈತುಂಬ ಆಕ್ಸಿಜನ್–ಹೈಡ್ರೋಜನ್ ಕೊಂಡಿಗಳಿದ್ದು ನೀರಿನ ಅಣುಗಳೊಡನೆ ಕೈಜೋಡಿಸುತ್ತವೆ. ಇತ್ತ ಅಯಾನಿಕವೇ ಆದ ಬೇರಿಯಂ ಸಲ್ಫೇಟ್ ಒಂದು ಲೀಟರ್ ನೀರಿನಲ್ಲಿ ಎರಡು ಮೂರು ಮಿಲಿಗ್ರಾಂ ಮಾತ್ರ ಲೀನವಾಗುತ್ತದೆ. ಬೇರಿಯಂ ಅಯಾನು ವಿಷ. ಆದರೂ ಹೊಟ್ಟೆಯ ಕ್ಷಕಿರಣಚಿತ್ರಕ್ಕಾಗಿ ವೈದ್ಯರು ಈ ಸಲ್ಫೇಟನ್ನು ರೋಗಿಗೆ ಕುಡಿಸಬಲ್ಲರು. ಅದು ಲೀನವಾಗದೆಯೇ ಕರುಳನ್ನು ದಾಟಿ ಹೋಗುತ್ತದೆಂಬ ಧೈರ್ಯ ಅವರಿಗಿದೆ. ಅಲ್ಲಿ ಅಯಾನುಗಳ ಪರಸ್ಪರ ಹಿಡಿತವನ್ನು ನೀರಿನ ನಂಟು ಗೆಲ್ಲಲಾರದು.

ವಿದ್ಯುತ್ತಿನ ಪರೀಕ್ಷೆ ಇವೆಲ್ಲಕ್ಕಿಂತ ನಂಬತಕ್ಕದ್ದು. ಯಾವ ಬಡ ಶಾಲೆಯಲ್ಲಿಯೂ ಮಾಡಬಹುದಾದದ್ದು. ಟಾರ್ಚಿನ ಮೂರು ಸೆಲ್ಲುಗಳು, ಒಂದು ಪುಟ್ಟ ಎಲ್‌ಇಡಿ ದೀಪ, ಅದಕ್ಕೆ ಜೊತೆಗೊಂದು ರೋಧಕ, ಪೆನ್ಸಿಲಿನ ಎರಡು ಸೀಸದ ಕಡ್ಡಿಗಳು ಸಾಕು. ಗೋಡೆಯ ವಿದ್ಯುತ್ತನ್ನು ಎಂದಿಗೂ ಬಳಸಕೂಡದು. ಒಣ ಹರಳುಪ್ಪಿಗೆ ಕಡ್ಡಿಗಳನ್ನು ಮುಟ್ಟಿಸಿದರೆ ದೀಪ ಹತ್ತುವುದಿಲ್ಲ. ಅಯಾನುಗಳಿವೆ, ಆದರೆ ಒಂದೂ ಜಾಗ ಬಿಟ್ಟು ಕದಲುವಂತಿಲ್ಲ. ಶುದ್ಧ ನೀರಿನಲ್ಲಿ ಅದ್ದಿದರೂ ಇಲ್ಲ. ಆ ನೀರಿಗೆ ಒಂದು ಚಮಚ ಉಪ್ಪು ಬಿದ್ದೊಡನೆ ದೀಪ ಹತ್ತುತ್ತದೆ. ಸಕ್ಕರೆಯನ್ನು ಎಷ್ಟು ಸುರಿದರೂ ಹತ್ತುವುದಿಲ್ಲ. ಅಲ್ಲಿ ಬೇರೆಯಾದದ್ದು ಅಣುವಿನಿಂದ ಅಣು, ಅದಕ್ಕೆ ಆವೇಶವಿಲ್ಲ. ಒಂದು ಎಚ್ಚರಿಕೆ: ಕೊಳವೆಬಾವಿಯ ನೀರನ್ನು ಬಳಸಿದರೆ ಉಪ್ಪು ಹಾಕುವ ಮೊದಲೇ ದೀಪ ಮಿಣುಕಬಹುದು, ಏಕೆಂದರೆ ನೆಲದ ಲವಣಗಳು ಅದರಲ್ಲಿ ಮೊದಲೇ ಲೀನವಾಗಿರುತ್ತವೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರೇ ಒಳ್ಳೆಯದು. ಉಪ್ಪುನೀರಿನಲ್ಲಿ ಕಡ್ಡಿಯ ಬಳಿ ಕ್ಲೋರಿನ್ ವಾಸನೆ ಏಳುವುದರಿಂದ ಕಿಟಕಿ ತೆರೆದಿಟ್ಟು ಬೇಗ ಮುಗಿಸತಕ್ಕದ್ದು.

‘ಅಯಾನು’ ಎಂಬ ಹೆಸರು ಹುಟ್ಟಿದ್ದೂ ಇಂಥ ಪ್ರಯೋಗದಿಂದಲೇ. ದ್ರಾವಣದಲ್ಲಿ ಒಂದು ಧ್ರುವದ ಕಡೆಗೆ ಹೋಗುವಂಥದು ಎಂಬ ಅರ್ಥದ ಗ್ರೀಕ್ ಪದವನ್ನು ಫ್ಯಾರಡೆ 1834ರಲ್ಲಿ ಬಳಕೆಗೆ ತಂದ. ಆ ಗ್ರೀಕ್ ಧಾತುವೂ ನಮ್ಮ ಉತ್ತರಾಯಣ, ದಕ್ಷಿಣಾಯನಗಳಲ್ಲಿರುವ ‘ಅಯನ’ದ ಧಾತುವೂ ಒಂದೇ ಮೂಲದವು. ಆದುದರಿಂದ ಈ ಪದ ನಮಗೆ ತೀರ ಪರಕೀಯವಲ್ಲ. ಹಿಡಿದು ನಿಲ್ಲಿಸಿದ್ದಲ್ಲ, ನಡೆಯುವಂಥದು ಎಂದು ಹೇಳಿಕೊಟ್ಟರೆ ಗಟ್ಟಿಯಾದ ಉಪ್ಪಿನಲ್ಲಿ ದೀಪ ಏಕೆ ಹತ್ತಲಿಲ್ಲವೆಂಬುದು ಪದದೊಳಗೇ ದೊರೆಯುತ್ತದೆ.

ನೀರಿನಲ್ಲಿ ಲವಣಗಳು ಅಯಾನುಗಳಾಗಿ ಒಡೆದಿರುತ್ತವೆಂದು ಸ್ವೀಡನ್ನಿನ ಅರೀನಿಯಸ್ 1884ರಲ್ಲಿ ಬರೆದ ಪ್ರಬಂಧಕ್ಕೆ ಉಪ್ಸಾಲಾ ವಿಶ್ವವಿದ್ಯಾಲಯ ಕೆಳದರ್ಜೆಯನ್ನೇ ಕೊಟ್ಟಿತು. 1903ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಉಪ್ಪಿನಂಥ ಲವಣಗಳು ಅರೆಬರೆಯಾಗಿ ಅಲ್ಲ, ಪೂರ್ತಿಯಾಗಿಯೇ ಅಯಾನುಗಳಾಗಿರುತ್ತವೆಂಬ ಆಧಾರದ ಮೇಲೆ 1918ರಲ್ಲಿ ಸಿದ್ಧಾಂತವನ್ನು ಕಟ್ಟಿದವರಲ್ಲಿ ನಮ್ಮ ದೇಶದ ಜ್ಞಾನಚಂದ್ರ ಘೋಷರು ಒಬ್ಬರು. ಅವರ ಗಣಿತವನ್ನು 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಹಿಂದಿಕ್ಕಿದರೂ ಆ ಮೂಲವಿಚಾರ ಉಳಿದುಕೊಂಡಿತು. 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಇವರೇ.

ಗಟ್ಟಿತನದ ವಿಷಯ ಸ್ವಲ್ಪದರಲ್ಲಿ ಮುಗಿಯುತ್ತದೆ. ಹರಳುಪ್ಪನ್ನು ಕುಟ್ಟಿದರೆ ಅದು ತಗಡಿನಂತೆ ಬಗ್ಗುವುದಿಲ್ಲ, ಸಮತಲಗಳಲ್ಲಿ ಸೀಳುತ್ತದೆ. ಒಂದು ಪದರ ಒಂದು ಮನೆ ಜರುಗಿದೊಡನೆ ಧನದೆದುರು ಧನ, ಋಣದೆದುರು ಋಣ ಬಂದು ಪರಸ್ಪರ ತಳ್ಳುತ್ತವೆ. ಕಲ್ಲುಸಕ್ಕರೆಯೂ ಕುಟ್ಟಿದರೆ ಒಡೆಯುತ್ತದಾದ್ದರಿಂದ ಇದೊಂದನ್ನೇ ನೆಚ್ಚಿ ತೀರ್ಪು ಕೊಡಲಾಗದು.

ಇನ್ನುಳಿದದ್ದು ಬೇಲಿಯ ಮೇಲೆ ಕೂತಿರುವ ವಸ್ತುಗಳು. ಎಲ್ಲೆಗಳು ನಕ್ಷೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನೆಲದ ಮೇಲೆ ಇರುವುದಿಲ್ಲವೆಂಬುದು ಈ ಸಂಚಿಕೆಯ ವಾಚಕರಿಗೆ ಹೊಸದಲ್ಲ. ಪಾಲಿಂಗ್ ಎಲೆಕ್ಟ್ರಾನನ್ನು ಸೆಳೆಯುವ ಶಕ್ತಿಗೆ ಅಂಕಗಳನ್ನು ಕೊಟ್ಟ. ಅಂಕಗಳ ಅಂತರ 1.7ನ್ನು ದಾಟಿದರೆ ಅಯಾನಿಕ ಎಂಬ ಒಂದು ನಿಯಮ ಶಾಲೆಗಳಲ್ಲಿ ಓಡಾಡುತ್ತಿದೆ. ಹೈಡ್ರೋಜನ್ ಫ್ಲೋರೈಡಿನಲ್ಲಿ ಅಂತರ 1.78, ಅದು 19.5 ಡಿಗ್ರಿಯಲ್ಲೇ ಕುದಿದು ಅನಿಲವಾಗುವ ಸಹವೇಲೆನ್ಸೀಯ ವಸ್ತು. ಸೋಡಿಯಂ ಅಯೋಡೈಡಿನಲ್ಲಿ ಅದಕ್ಕಿಂತ ಕಡಿಮೆ, 1.73, ಅದು 661 ಡಿಗ್ರಿಯವರೆಗೆ ಗಟ್ಟಿಯಾಗಿ ನಿಲ್ಲುವ ಅಪ್ಪಟ ಅಯಾನಿಕ ಹರಳು. ನಿಯಮವನ್ನು ಎಷ್ಟು ನಂಬಬಹುದೆಂಬುದನ್ನು ಓದುಗರೇ ನಿರ್ಧರಿಸಲಿ. ಲೋಹ ಮತ್ತು ಅಲೋಹ ಸೇರಿದರೆ ಅಯಾನಿಕ ಎಂಬುದೂ ಅಷ್ಟೇ. ಅಲ್ಯೂಮಿನಿಯಂ ಕ್ಲೋರೈಡ್ ಲೋಹದ ಸಂಯುಕ್ತವಾಗಿದ್ದರೂ 180 ಡಿಗ್ರಿಯ ಸುತ್ತ ದ್ರವಿಸದೆಯೇ ಆವಿಯಾಗಿ ಹೋಗುತ್ತದೆ. ಕಲಾಯಿಯವನು ಕಾದ ಪಾತ್ರೆಗೆ ಎರಚಿ ಬಿಳಿಯ ಹೊಗೆ ಎಬ್ಬಿಸುವ ನವಸಾಗರದಲ್ಲಿ ಲೋಹದ ಸುಳಿವೇ ಇಲ್ಲ. ಆದರೂ ಅದು ಅಯಾನಿಕ. ಅಮೋನಿಯಂ ಅಯಾನಿನ ಒಳಗೆ ನೈಟ್ರೋಜನ್ನೂ ಹೈಡ್ರೋಜನ್ನೂ ಸಹವೇಲೆನ್ಸೀಯ ಬಂಧದಿಂದ ಕೂಡಿವೆ, ಹೊರಗೆ ಕ್ಲೋರೈಡಿನೊಡನೆ ಅಯಾನಿಕ ಸಂಬಂಧ. ಅಡುಗೆ ಸೋಡಾ, ಸುಣ್ಣಕಲ್ಲು, ಪಟಿಕ ಇವೆಲ್ಲವುಗಳಲ್ಲಿಯೂ ಹೀಗೆ ಎರಡು ಬಂಧಗಳು ಒಂದೇ ಮನೆಯಲ್ಲಿವೆ.

ದೀಪದ ಪ್ರಯೋಗಕ್ಕೆ ಕೊನೆಯದಾಗಿ ಒಂದು ಬಟ್ಟಲು ವಿನೆಗರನ್ನು ಸೇರಿಸಿಕೊಳ್ಳಬೇಕೆಂದು ನಮ್ಮ ಸಲಹೆ. ಅಸಿಟಿಕ್ ಆಮ್ಲ ಸಹವೇಲೆನ್ಸೀಯ ವಸ್ತು; ಪಟ್ಟಿಯ ಪ್ರಕಾರ ದೀಪ ಹತ್ತಕೂಡದು. ಆದರೆ ಹತ್ತುತ್ತದೆ, ಉಪ್ಪುನೀರಿನಲ್ಲಿ ಹತ್ತಿದಷ್ಟು ಪ್ರಕಾಶವಾಗಿ ಅಲ್ಲ, ಮಂಕಾಗಿ. ನೀರಿನೊಡನೆ ಸೇರಿದಾಗ ಅದರ ಅಣುಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಪಾಲು ಒಡೆದು ಅಯಾನುಗಳಾಗುತ್ತವೆ. ಉಳಿದವು ಸಕ್ಕರೆಯ ಅಣುಗಳಂತೆ ಇಡಿಯಾಗಿಯೇ ಇರುತ್ತವೆ. ಉಪ್ಪಿನಲ್ಲಿ ಅಯಾನುಗಳು ಮೊದಲೇ ಇದ್ದವು, ನೀರು ಅವನ್ನು ಬಿಡಿಸಿತು. ಇಲ್ಲಿ ನೀರೇ ಅವನ್ನು ಹುಟ್ಟಿಸಿತು. ಮೂರು ಬಟ್ಟಲುಗಳನ್ನು ಸಾಲಾಗಿಟ್ಟು, ಮೂರರಲ್ಲಿಯೂ ‘ಕರಗಿದ್ದು’ ಏನು, ಪ್ರತಿಯೊಂದರಲ್ಲಿ ಯಾವುದು ಯಾವುದರಿಂದ ಬೇರೆಯಾಯಿತು ಎಂದು ಮಕ್ಕಳ ಬಾಯಿಂದಲೇ ಹೇಳಿಸಿದರೆ ಒಂದು ಗಂಟೆಯ ಪಾಠಕ್ಕೆ ಬೇಕಾದಷ್ಟು ಮಾತು ಅಲ್ಲಿಯೇ ಹುಟ್ಟುತ್ತದೆ.